ತವರ ತೂಗುವ ಭಾರ್ಗವಿ

ಭಾರ್ಗವಿ ಚಿಕ್ಕವಳಿದ್ದಾಗ ಅವಳನ್ನು ಒಂದು ಕಡೆ ಕೂರಿಸುವುದು ಕದ್ರಿಯ ಆ ಮನೆಯಲ್ಲಿ ಯಾರಿಂದಲೂ ಆಗದ ಕೆಲಸವಾಗಿತ್ತು. ಅಪ್ಪ ವಿಠಲ ಉಪಾಧ್ಯಾಯರು ದೇವಸ್ಥಾನದ ಅರ್ಚಕರು. ಅವರು ಮನೆಯಲ್ಲಿ ಜಪಕ್ಕೆ ಕೂತರೆ ಮಗಳು ಅವರ ಮಣೆಗೇ ಪ್ರದಕ್ಷಿಣೆ ಬರುತ್ತಿದ್ದಳು. ಸಂಗೀತದ ಕ್ಲಾಸಿಗೆ ಸೇರಿಸಿದರೆ ತಾಳ ಹಾಕುವ ಕೈಯ ಜೊತೆಗೆ ಕಾಲು, ತಲೆ, ಪಕ್ಕದ ಹುಡುಗಿಯ ಜಡೆ, ಎಲ್ಲವೂ ಆಡುತ್ತಿದ್ದವು. ಟೀಚರು ವಾರ ಕಳೆಯುವುದರೊಳಗೆ ಅವಳನ್ನು ಮನೆಗೆ ತಂದು ಬಿಟ್ಟು, "ಇವಳಿಗೆ ಶ್ರುತಿ ಉಂಟು, ಸೊಂಟ ನಿಲ್ಲುವುದಿಲ್ಲ" ಎಂದು ಹೇಳಿ ಕಾಫಿ ಕುಡಿದು ಹೋದರು.

ಅಂಥವಳು ಮಿಸುಕಾಡದೆ ಕೂರುತ್ತಿದ್ದದ್ದು ಕಲಾಯಿಯವನು ಬಂದಾಗ ಮಾತ್ರ. ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಲು ಅವನು ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕೆಂಡದ ಮೇಲೆ ಪಾತ್ರೆ ಕಾಯಿಸುತ್ತಿದ್ದ. ಕಾದ ಪಾತ್ರೆಗೆ ತವರದ ಕಡ್ಡಿ ಮುಟ್ಟಿಸಿದರೆ ತವರ ಕರಗಿ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಂತು ಓಡಾಡುತ್ತಿತ್ತು. ಅದರ ಮೇಲೆ ನವಸಾಗರದ ಪುಡಿ ಎಸೆದು ಹತ್ತಿಯಿಂದ ಒರೆಸಿದ್ದೇ ತಡ, ಅದೇ ಗುಂಡು ಫಳ್ಳನೆ ಹರಡಿ ಇಡೀ ಪಾತ್ರೆಯನ್ನು ಬೆಳ್ಳಿ ಮಾಡಿಬಿಡುತ್ತಿತ್ತು. ಅಷ್ಟು ಹೊತ್ತು ಗುಂಡಗಿದ್ದದ್ದು ಈಗ ಯಾಕೆ ಹರಡಿತು ಎಂದು ಭಾರ್ಗವಿ ಕೇಳುತ್ತಿದ್ದಳು. "ಅದಕ್ಕೆ ಖುಷಿಯಾಯ್ತು" ಎನ್ನುತ್ತಿದ್ದ ಕಲಾಯಿಯವ. ಆ ಉತ್ತರ ಅವಳಿಗೆ ಸಾಕಾಗಲಿಲ್ಲ. ಸಾಕಾಗದೆ ಹೋದದ್ದರಿಂದಲೇ ಅವಳು ಫಿಸಿಕ್ಸ್ ಓದಿದಳು.

ಓದಿ ಮುಗಿಸಿ ಪಡೀಲ್‌ನಲ್ಲಿ ಒಂದು ಕಟ್ಟಡದ ಮೇಲಿನ ಮಹಡಿ ಹಿಡಿದು ಪಿಯುಸಿ ಮಕ್ಕಳಿಗೆ ಟ್ಯೂಶನ್ ಶುರು ಮಾಡಿದಳು. ಒಂದೆರಡು ಸಂಬಂಧಗಳು ಬಂದವು, ಮಾತಾಡಿದವು, ಹೋದವು. ಭಾರ್ಗವಿಗೆ ಅದರ ಚಿಂತೆಯಿರಲಿಲ್ಲ. ಅವಳ ಚಿಂತೆಯೆಲ್ಲ ಕೆಳಗಿನ ಅಂತಸ್ತಿನಲ್ಲಿ ಹೊಸದಾಗಿ ಬಂದ ಲ್ಯಾಬಿನ ಎಕ್ಸಾಸ್ಟ್ ಫ್ಯಾನಿನದ್ದು. ಅದು ಶುರುವಾದರೆ ಪಾಠ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೆ ಮಕ್ಕಳಿಗೂ ಏನೂ ಬೇಸರವಿರಲಿಲ್ಲ. ಒಂದು ದಿನ ಅವಳು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆಂದೇ ಇಳಿದು ಹೋದಳು.

ಲ್ಯಾಬಿನ ಒಡತಿ ರಿಝ್ವಾನಾ ಕುದ್ರೋಳಿಯವರು. ಲೋಹಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಬೇರೆಯವರ ಕೈಕೆಳಗೆ ದುಡಿದು ಸಾಕಾಗಿ, ಊರಿಗೆ ಬಂದು ಸ್ವಂತ ಲ್ಯಾಬ್ ತೆರೆದಿದ್ದರು. ಭಾರ್ಗವಿ ಒಳಗೆ ಕಾಲಿಟ್ಟಾಗ ಅವರು ಕುಲುಮೆಯ ಕಿಂಡಿಯಿಂದ ಒಳಗೆ ಇಣುಕುತ್ತಿದ್ದರು. "ಶ್, ಒಂದು ನಿಮಿಷ. ತವರ ಕರಗ್ತಾ ಉಂಟು" ಎಂದರು. ಭಾರ್ಗವಿಯ ಬಾಯಿಗೆ ಬಂದಿದ್ದ ಜಗಳ ಅಲ್ಲೇ ನಿಂತಿತು. "ನಾನೂ ನೋಡ್ಬಹುದಾ?" ಎಂದಳು. ಮೇಲೆ ಮಕ್ಕಳು ಕಾದು ಕಾದು ಮನೆಗೆ ಹೋದರು. ಮುಂದಿನ ತಿಂಗಳಿಗೆ ಟ್ಯೂಶನ್ ಮುಚ್ಚಿ ಭಾರ್ಗವಿ ಕೆಳಗಿನ ಅಂತಸ್ತಿನವಳಾದಳು. ಫ್ಯಾನಿನ ಸದ್ದು ಅವಳಿಗೆ ಮತ್ತೆಂದೂ ಕೇಳಿಸಲಿಲ್ಲ.

ಅವಳ ಪಾಲಿಗೆ ಬಂದ ಕೆಲಸ, ಕರಗಿದ ಲೋಹ ಎಷ್ಟು ಮಂದ, ಎಷ್ಟು ತೆಳು ಎಂದು ಅಳೆಯುವುದು. ಎರಕ ಹೊಯ್ಯುವವರಿಗೆ ಇದು ಗೊತ್ತಿರಲೇಬೇಕು. ಲೋಹ ಮಂದವಾದರೆ ಅಚ್ಚಿನ ಸಂದಿಗೊಂದಿಗೆ ಹೋಗುವುದಿಲ್ಲ. ಅಳೆಯುವ ರೀತಿ ಮಾತ್ರ ವಿಚಿತ್ರ. ಮುಚ್ಚಳ ಹಾಕಿದ ಸಣ್ಣದೊಂದು ಬಟ್ಟಲಲ್ಲಿ ಲೋಹ ತುಂಬಿ, ಅದನ್ನು ಕುಲುಮೆಯೊಳಗೆ ಕೂದಲಿನಷ್ಟು ಸಪೂರದ ತಂತಿಗೆ ತೂಗು ಹಾಕಬೇಕು. ಲೋಹ ಕರಗಿದ ಮೇಲೆ ಬಟ್ಟಲನ್ನು ಮೆಲ್ಲಗೆ ತಿರುಚಿ ಬಿಟ್ಟರೆ ಅದು ಆ ಕಡೆ ಈ ಕಡೆ ತಿರುಗುತ್ತ, ತಿರುಗುತ್ತ, ಕೊನೆಗೆ ನಿಲ್ಲುತ್ತದೆ. ಒಳಗಿನ ಲೋಹ ಮಂದವಿದ್ದಷ್ಟೂ ಬೇಗ ನಿಲ್ಲುತ್ತದೆ. ತಂತಿಗೆ ಅಂಟಿಸಿದ ಪುಟ್ಟ ಕನ್ನಡಿಯಿಂದ ಒಂದು ಕೆಂಪು ಬೆಳಕಿನ ಚುಕ್ಕಿ ಎದುರಿನ ಪಟ್ಟಿಯ ಮೇಲೆ ಓಡಾಡುತ್ತದೆ. ಅದರ ಓಡಾಟ ಹೇಗೆ ಕುಗ್ಗುತ್ತದೆಂದು ಕ್ಯಾಮೆರಾ ಹಿಡಿದಿಡುತ್ತದೆ.

ಚಿಕ್ಕಂದಿನಲ್ಲಿ ಕೂತಲ್ಲಿ ಕೂರದ ಹುಡುಗಿ ಈಗ ಆ ಚುಕ್ಕಿಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಚಪ್ಪಲಿ ಬಾಗಿಲಾಚೆ. ಫೋನು ಡ್ರಾಯರಿನೊಳಗೆ. ಯಾರಾದರೂ ಸೀನಿದರೆ ಅವಳ ಹುಬ್ಬು ಮೇಲೇರುತ್ತಿತ್ತು.

ಅಮ್ಮ ರಮಾದೇವಿಗೆ ಮಗಳ ಕೆಲಸವನ್ನು ನೆಂಟರಿಗೆ ವಿವರಿಸುವುದೇ ಒಂದು ಹವ್ಯಾಸವಾಯಿತು. "ಉಳಿದವರ ಮಕ್ಕಳು ತೊಟ್ಟಿಲಲ್ಲಿ ಮಗುವನ್ನು ತೂಗ್ತಾರೆ. ನಮ್ಮವಳು ತವರನ್ನು ತೂಗ್ತಾಳೆ. ತವರಲ್ಲೇ ಉಳಿದವಳಿಗೆ ತವರವೇ ಗತಿ ನೋಡಿ" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದರು. ಕರಗಿದ ಅಲ್ಯುಮಿನಿಯಂ ಹೆಚ್ಚುಕಡಿಮೆ ನೀರಿನಷ್ಟೇ ತೆಳುವಾಗಿ ಹರಿಯುತ್ತದೆ ಎಂದು ಭಾರ್ಗವಿ ಹೇಳಿದ್ದನ್ನು ಮಾತ್ರ ಅವರು ಯಾರಿಗೂ ಹೇಳುತ್ತಿರಲಿಲ್ಲ. ನಂಬಿಕೆ ಬರುವಂಥ ಮಾತು ಹೇಳಬೇಕು ಎಂಬುದು ಅವರ ನಿಯಮ.

ಹೀಗೆ ವರ್ಷಗಳು ನೆಮ್ಮದಿಯಲ್ಲಿ ಕಳೆದವು. ಆಮೇಲೆ ತವರಕ್ಕೆ ಹುಚ್ಚು ಹಿಡಿಯಿತು.

ಪಂಪು ತಯಾರಿಸುವ ಒಂದು ಕಂಪೆನಿ ಗುಜರಿ ಕರಗಿಸಿ ಮಾಡಿದ ತನ್ನ ಹೊಸ ಅಲ್ಯುಮಿನಿಯಂ ಮಿಶ್ರಲೋಹವನ್ನು ಅಳೆದು ಕೊಡಲು ಕೇಳಿತ್ತು. ಅಂಥ ಕೆಲಸಕ್ಕೆ ಮುಂಚೆ ಯಂತ್ರ ಸರಿಯಿದೆಯೇ ಎಂದು ಶುದ್ಧ ತವರ ಹಾಕಿ ನೋಡುವುದು ವಾಡಿಕೆ. ತವರದ ಗುಣ ಲೋಕಕ್ಕೇ ಗೊತ್ತಿರುವಂಥದ್ದು, ಬದಲಾಗುವಂಥದ್ದಲ್ಲ. ಆದರೆ ಸೋಮವಾರ ಸರಿಯಾಗಿದ್ದ ತವರ ಮಂಗಳವಾರ ಮಂದವಾಯಿತು. ಬುಧವಾರ ನೀರಿಗಿಂತ ತೆಳುವಾಯಿತು. ಗುರುವಾರ ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನಕ್ಕೆ ಕೆಟ್ಟಿತು.

"ಭಾರ್ಗವಿ, ತವರಕ್ಕೂ ಮೂಡ್ ಅಂತ ಉಂಟಾ?" ಎಂದರು ರಿಝ್ವಾನಾ.

"ತವರಕ್ಕಿಲ್ಲ ಮೇಡಂ. ನೆಲಕ್ಕೆ ಉಂಟು. ಎಂತದೋ ಅಲುಗಾಡ್ತಾ ಉಂಟು."

ಮೊದಲ ಅನುಮಾನ ರೈಲಿನ ಮೇಲೆ ಹೋಯಿತು. ಪಡೀಲ್‌ನಲ್ಲಿ ರೈಲಿಗೇನು ಬರವಿಲ್ಲ. ಭಾರ್ಗವಿ ಮೊಬೈಲಿನಲ್ಲಿ ರೈಲಿನ ವೇಳೆ ನೋಡುತ್ತ ಕೂತಳು. ಗೂಡ್ಸ್ ಗಾಡಿ ಹೋದಾಗ ಚುಕ್ಕಿ ಒಮ್ಮೆ ನಡುಗಿ ಸುಮ್ಮನಾಯಿತು. ಗಾಡಿಯೇ ಇಲ್ಲದ ಹೊತ್ತಿನಲ್ಲಿ ಗಂಟೆಗಟ್ಟಲೆ ನಡುಗಿತು. ಪಾಪ, ರೈಲನ್ನು ಸುಮ್ಮನೆ ಶಂಕಿಸಿದ್ದಾಯಿತು. ಆಮೇಲೆ ಮೇಲಿನ ಮಹಡಿ. ಅವಳ ಹಳೆಯ ಟ್ಯೂಶನ್ ಕೋಣೆಯಲ್ಲಿ ಈಗ ಟೈಲರಿಂಗ್ ಅಂಗಡಿ. ಅವರಿಗೆ ಹೇಳಿ ಒಂದು ದಿನ ಮೆಷಿನ್ ನಿಲ್ಲಿಸಿದಳು, ಚುಕ್ಕಿ ನಿಲ್ಲಲಿಲ್ಲ. ಅಂಗಡಿಯವರು ಮಾತ್ರ ಅವಳ ರವಿಕೆಯನ್ನು ಒಂದು ವಾರ ತಡವಾಗಿ ಕೊಟ್ಟು ಸೇಡು ತೀರಿಸಿಕೊಂಡರು.

ಕೊನೆಗೆ ಕಳ್ಳನನ್ನು ಹಿಡಿದುಕೊಟ್ಟದ್ದು ಮೂಗು. ಚುಕ್ಕಿ ನಡುಗುವಾಗಲೆಲ್ಲ ಹುರಿದ ಕೊತ್ತಂಬರಿ, ಮೆಣಸಿನ ಪರಿಮಳ ಬರುತ್ತದೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಅವಳು ಹಿಂಬಾಗಿಲಿನಿಂದ ಹೊರಬಿದ್ದು ವಾಸನೆಯ ಬೆನ್ನು ಹಿಡಿದಳು. ಲ್ಯಾಬಿನ ಹಿಂಗೋಡೆಗೆ ತಾಗಿಕೊಂಡೇ ಕುಶಲಾ ಎಂಬವರ ಕೇಟರಿಂಗ್ ಅಡುಗೆಮನೆ. ಅಲ್ಲಿ, ಸರಿಯಾಗಿ ಅದೇ ಗೋಡೆಯ ಬುಡದಲ್ಲಿ, ಆನೆಮರಿಯಷ್ಟು ದೊಡ್ಡ ಗ್ರೈಂಡರ್ ಗುಡುಗುಡು ತಿರುಗುತ್ತಿತ್ತು.

ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಭಾರ್ಗವಿ ಬಾಯಿ ಬಿಟ್ಟೊಡನೆ ಕುಶಲಾ ನಕ್ಕರು. "ಓ, ನಿಮ್ಮದು ಭಟ್ರ ತುಳು! ಬನ್ನಿ ಬನ್ನಿ ಟೀಚರೇ. ಇದು ಮೀನಿನ ಮಸಾಲೆ, ಹತ್ತಿರ ಬರ್ಬೇಡಿ."

"ಕುಶಲಕ್ಕ, ನಿಮ್ಮ ಗ್ರೈಂಡರ್‌ನಿಂದ ನನ್ನ ಲೋಹ ಅಲ್ಲಾಡ್ತದೆ."

"ನನ್ನ ಗ್ರೈಂಡರ್‌ನಿಂದ ನಾಲ್ಕು ಮದುವೆ ನಡೀತದೆ ಮಾರಾಯ್ತಿ! ಹಳೆಯದು ಚಿಕ್ಕದಾಯ್ತು ಅಂತ ಮೊನ್ನೆ ಮೊನ್ನೆ ತಂದದ್ದು. ಅಲ್ಲ, ಗೋಡೆಯ ಆಚೆ ಲೋಹ ಅಲ್ಲಾಡಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಹೇಳಿದರೆ ಆಗುವುದಿಲ್ಲ, ತೋರಿಸಲೇಬೇಕು ಎಂದು ಭಾರ್ಗವಿ ಅವರನ್ನು ಲ್ಯಾಬಿಗೆ ಕರೆತಂದಳು. ಕುಶಲಾರ ಗಂಡ ಜಯ ಗಲ್ಫ್‌ನಲ್ಲಿ ವರ್ಷಗಟ್ಟಲೆ ಏಸಿ ರಿಪೇರಿ ಮಾಡಿ ಬಂದವರು. ಈಗ ಹೆಂಡತಿಯ ಅಡುಗೆಮನೆಯಲ್ಲಿ ಸ್ವಿಚ್ಚಿನ ಉಸ್ತುವಾರಿ ಅವರದು. ಕುಶಲಾ ಗೋಡೆಗೆ ಮುಖ ಕೊಟ್ಟು, "ಹಾಕಿ!" ಎಂದು ಕೂಗಿದರು. ಗ್ರೈಂಡರ್ ಗುಡುಗಿತು, ಪಟ್ಟಿಯ ಮೇಲಿನ ಚುಕ್ಕಿ ಚಳಿಜ್ವರ ಬಂದವರ ಹಾಗೆ ನಡುಗಿತು. "ನಿಲ್ಲಿಸಿ!" ಎಂದರು. ಚುಕ್ಕಿ ಸೌಮ್ಯವಾಯಿತು. "ಹಾಕಿ!" ಮತ್ತೆ ನಡುಗಿತು. ಪಶ್ಚಾತ್ತಾಪವಾಗುತ್ತದೆಂದು ಭಾರ್ಗವಿ ಕಾದಳು. ಕುಶಲಾರ ಮುಖದಲ್ಲಿ ಕಂಡದ್ದು ಹೆಮ್ಮೆ.

"ನೋಡಿದ್ರಾ! ಒಳ್ಳೆ ಪವರ್ ಉಂಟು. ಅಂಗಡಿಯವ ಸುಳ್ಳು ಹೇಳಿಲ್ಲ."

ಆದರೂ ಕುಶಲಾ ಕೆಟ್ಟವರಲ್ಲ. ಅಳೆಯುವ ಹೊತ್ತಿಗೆ ರುಬ್ಬುವುದಿಲ್ಲ ಎಂದು ಒಪ್ಪಂದವಾಯಿತು. ಭಾರ್ಗವಿ ಮಿಸ್ಡ್ ಕಾಲ್ ಕೊಟ್ಟರೆ ಗ್ರೈಂಡರ್ ನಿಲ್ಲಬೇಕು, ಮತ್ತೊಂದು ಕೊಟ್ಟರೆ ತಿರುಗಬಹುದು. ಒಪ್ಪಂದ ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಯಾವುದು ನಿಲ್ಲಿಸುವ ಕಾಲ್, ಯಾವುದು ಹಾಕುವ ಕಾಲ್ ಎಂದು ಜಯ ಅವರಿಗೆ ಲೆಕ್ಕ ತಪ್ಪಿತು. ಅಂದಿನಿಂದ ಭಾರ್ಗವಿ ಅಳೆಯುವಾಗ ಗ್ರೈಂಡರ್ ತಪ್ಪದೆ ತಿರುಗಿತು, ಅವಳು ಊಟಕ್ಕೆ ಕೂತಾಗ ತಪ್ಪದೆ ನಿಂತಿತು. ಕುಶಲಾರ ದೋಸೆ ಹಿಟ್ಟು ಹೊತ್ತಿಗೆ ಸರಿಯಾಗಿ ಹುಳಿ ಬಾರದೆ ಒಂದು ಮೆಹೆಂದಿ ಮನೆಯಲ್ಲಿ ಮರ್ಯಾದೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

"ಹೀಗೆ ಆಗ್ಲಿಕ್ಕಿಲ್ಲ ಟೀಚರೇ. ನೀವು ಅಳೀಬೇಕು, ನಾನು ಮಸಾಲೆ ಕಡೀಬೇಕು. ಇಬ್ಬರೂ ಒಟ್ಟಿಗೆ ಮಾಡುವ ಹಾಗೆ ಎಂತಾದ್ರೂ ದಾರಿ ನೋಡಿ" ಎಂದರು ಕುಶಲಾ.

ದಾರಿ ಇಲ್ಲದಿರಲಿಲ್ಲ. ಕಂಪನ ತಾಗದಂಥ ಮೇಜು ಹೊರದೇಶದಿಂದ ಬರುತ್ತದೆ, ಆದರೆ ಅದು ಬರುವಷ್ಟರಲ್ಲಿ ಪಂಪಿನ ಕಂಪೆನಿ ಬೇರೆ ಲ್ಯಾಬ್ ಹುಡುಕಿಕೊಂಡಿರುತ್ತಿತ್ತು. ರಿಝ್ವಾನಾ ಬೋರ್ಡಿನ ಮೇಲೆ ಚಿತ್ರ ಬರೆದರು: ತುಂಬ ಭಾರದ ಒಂದು ವಸ್ತು, ಅದರ ಕೆಳಗೆ ತುಂಬ ಮೆತ್ತಗಿನ ಇನ್ನೊಂದು. ನೆಲ ನಡುಗಿದರೆ ಮೆತ್ತಗಿನದು ನುಂಗಿಕೊಳ್ಳುತ್ತದೆ, ಭಾರದ್ದು ಜಗ್ಗುವುದಿಲ್ಲ. ಮೆತ್ತಗಿನದ್ದಕ್ಕೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಸಾಕು ಎಂದಳು ಭಾರ್ಗವಿ. ದೊಡ್ಡ ಏಸಿ ಯಂತ್ರಗಳಿಗೂ ಅಡಿಯಲ್ಲಿ ರಬ್ಬರ್ ಇಡುವುದೇ ಹೌದು ಎಂದು ಜಯ ತಲೆ ಆಡಿಸಿದರು. ಇನ್ನು ಭಾರದ್ದು ಯಾವುದು? ಕುಲುಮೆಯ ಅಡಿಗೆ ಹಿಡಿಸುವಷ್ಟು ಚಿಕ್ಕದಿರಬೇಕು, ನಾಲ್ಕು ಜನ ಸೇರಿದರೂ ಬೆವರುವಷ್ಟು ಭಾರವಿರಬೇಕು.

"ನಮ್ಮ ಅತ್ತೆ" ಎಂದರು ಕುಶಲಾ.

ಎಲ್ಲರೂ ಅವರನ್ನು ನೋಡಿದರು.

"ಅತ್ತೆಯ ಕಡೆಯುವ ಕಲ್ಲು ಮಾರಾಯ್ರೆ, ಹಿಂದೆ ಹಿಟ್ಟು ರುಬ್ಬುತ್ತಿದ್ದದ್ದು. ಹಿತ್ತಿಲಲ್ಲಿ ಬಿದ್ದುಕೊಂಡುಂಟು. ನಾನು ಮದುವೆಯಾಗಿ ಬಂದಂದಿನಿಂದ ಅದಕ್ಕೆ ಕಾಲು ತಾಗಿಸಿಕೊಳ್ತಾ ಇದ್ದೇನೆ. ಕೊಂಡು ಹೋಗಿ, ಪುಣ್ಯ ಬರ್ತದೆ."

ಕಲ್ಲನ್ನು ತರುವುದೇ ಒಂದು ಮೆರವಣಿಗೆಯಾಯಿತು. ಕುಶಲಾರ ಬಡಿಸುವ ಹುಡುಗರು ಹೊತ್ತರು, ಟೈಲರಂಗಡಿಯವರು ಮೆಟ್ಟಿಲ ಮೇಲೆ ನಿಂತು "ಎಡಕ್ಕೆ, ಬಲಕ್ಕೆ" ಎಂದು ಸಲಹೆ ಕೊಟ್ಟರು. ಕುಳಿ ಇರುವ ಬಾಯಿ ಕೆಳಗೆ, ಸಮತಟ್ಟಾದ ಅಡಿ ಮೇಲೆ ಬರುವಂತೆ ಮಗುಚಿ ಟ್ಯೂಬುಗಳ ಮೇಲೆ ಇಳಿಸಿದಾಗ ಕುಶಲಾ, "ಇಷ್ಟು ವರ್ಷ ಅತ್ತೆ ನನ್ನನ್ನು ಕಡೆದರು. ಈಗ ಅವರ ಕಲ್ಲೇ ಮಗುಚಿ ಬಿತ್ತು" ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲಿ ದುಃಖವಿರಲಿಲ್ಲ.

ಮೊದಲ ಪ್ರಯೋಗದಲ್ಲಿ ಒಂದು ಟ್ಯೂಬ್ ಮೆಲ್ಲಗೆ ಗಾಳಿ ಬಿಟ್ಟು ಕಲ್ಲು, ಕುಲುಮೆ, ತಂತಿ ಎಲ್ಲವೂ ಕುಡಿದವರ ಹಾಗೆ ಒಂದು ಕಡೆಗೆ ವಾಲಿದವು. ಅಂದಿನಿಂದ ಭಾರ್ಗವಿಯ ದಿನ ಶುರುವಾಗುವುದು ಸೈಕಲ್ ಪಂಪಿನಿಂದ. ಗಾಳಿ ಒತ್ತಿ, ಗಾರೆಯವರ ಮಟ್ಟಗೋಲನ್ನು ಕಲ್ಲಿನ ಮೇಲಿಟ್ಟು ಅದರ ಗುಳ್ಳೆ ನಡುವಿಗೆ ಬಂತೇ ಎಂದು ನೋಡಿ, ಮತ್ತೆ ಒತ್ತಿ, ಸಮಾಧಾನವಾದ ಮೇಲೆ ಕುಲುಮೆಗೆ ಬೆಂಕಿ. ತವರ ಮಾತು ಕೇಳತೊಡಗಿತು. ಗ್ರೈಂಡರ್ ತಿರುಗಲಿ, ಗೂಡ್ಸ್ ಗಾಡಿ ಹೋಗಲಿ, ಇರಬೇಕಾದ್ದು ಎಷ್ಟೋ ಅಷ್ಟೇ.

ಈ ಸುದ್ದಿ ಕೇಳಿ ರಮಾದೇವಿ ಖುದ್ದಾಗಿ ಬಂದರು. ಕಲ್ಲಿನ ಸುತ್ತ ಒಂದು ಸುತ್ತು ಬಂದು, "ಅನ್ನ ಕೊಟ್ಟ ಕಲ್ಲು, ಬೆಂಕಿಯ ಅಡಿಗೆ ಇಟ್ಟಿದ್ದೀರಿ" ಎಂದು ತಮ್ಮ ಚೀಲದಿಂದ ಕುಂಕುಮ ತೆಗೆದು ಅದರ ಹಣೆಗೆ, ಅಂದರೆ ಹಣೆ ಇರಬಹುದು ಎನಿಸಿದ ಜಾಗಕ್ಕೆ, ಹಚ್ಚಿದರು. ರಿಝ್ವಾನಾ ಕೈಕಟ್ಟಿ ನೋಡಿ, "ಅಮ್ಮ, ಇದರಿಂದ ರೀಡಿಂಗ್ ಏನೂ ಬದಲಾಗುವುದಿಲ್ಲ ಅಲ್ವಾ?" ಎಂದು ಗಂಭೀರವಾಗಿ ಕೇಳಿದರು. "ಒಳ್ಳೆಯದಕ್ಕೇ ಬದಲಾಗ್ತದೆ" ಎಂದರು ರಮಾದೇವಿ, ಅಷ್ಟೇ ಗಂಭೀರವಾಗಿ.

ಪಂಪಿನ ಕಂಪೆನಿಯಿಂದ ನತಾಶಾ ಎಂಬ ಎಂಜಿನಿಯರ್ ಬಂದದ್ದು ಮದುವೆಗಳ ಭರಾಟೆಯಲ್ಲಿ. ಆ ಬೆಳಿಗ್ಗೆ ಗೋಡೆಯಾಚೆ ಅಕ್ಕಿ, ಉದ್ದು, ತೆಂಗಿನಕಾಯಿ ಎಲ್ಲವೂ ಸರದಿಯಲ್ಲಿ ನಿಂತಿದ್ದವು. ಹೊಸ ಮಿಶ್ರಲೋಹ ನೀರಿನ ಹಾಗೆ ಹರಿಯುತ್ತದೆ, ಪಂಪಿನ ತೆಳ್ಳಗಿನ ರೆಕ್ಕೆಗಳನ್ನೆಲ್ಲ ತುಂಬುತ್ತದೆ ಎಂದು ಕಂಪೆನಿಯವರು ನಂಬಿದ್ದರು. ಅಚ್ಚು ತುಂಬದಿದ್ದದ್ದು ಎರಕದವರ ತಪ್ಪು ಎಂದು ಅವರ ವಾದ. ಭಾರ್ಗವಿ ಬಟ್ಟಲನ್ನು ತಿರುಚಿ ಬಿಟ್ಟಳು. ಕೆಂಪು ಚುಕ್ಕಿ ಅಗಲವಾಗಿ ಓಡಿತು, ಸ್ವಲ್ಪ ಕಡಿಮೆ ಓಡಿತು, ಇನ್ನೂ ಕಡಿಮೆ. ನಿರೀಕ್ಷೆಗಿಂತ ಬಹಳ ಬೇಗ ನಿಂತೇಬಿಟ್ಟಿತು. ಲೋಹ ಮಂದವಿತ್ತು.

ನತಾಶಾ ಪಟ್ಟಿಯನ್ನು ನೋಡಿದರು, ಕಲ್ಲನ್ನು ನೋಡಿದರು, ಅದರ ಕುಂಕುಮವನ್ನು ನೋಡಿದರು, ಗುಡುಗುವ ಗೋಡೆಯನ್ನು ನೋಡಿದರು. "ಕ್ಷಮಿಸಿ. ಈ ಶಬ್ದದಲ್ಲಿ, ಈ... ಇದರ ಮೇಲೆ ಬಂದ ಅಳತೆಯನ್ನು ನಾನು ಹೇಗೆ ನಂಬಲಿ?"

ರಿಝ್ವಾನಾ ಗೋಡೆಯತ್ತ ನೋಡಿದರು. ಗ್ರೈಂಡರ್ ನಿಲ್ಲಿಸಲು ಹೇಳಲೇ ಎಂದು ಅವರ ಕಣ್ಣು ಕೇಳಿತು. ಭಾರ್ಗವಿ ತಲೆ ಅಡ್ಡ ಆಡಿಸಿದಳು.

"ನಂಬಬೇಡಿ ಮೇಡಂ. ಕೂತು ನೋಡಿ. ಮೊದಲು ತವರ ಹಾಕ್ತೇನೆ, ಅದರ ಅಳತೆ ನಿಮಗೂ ಗೊತ್ತಿರ್ತದೆ. ಗ್ರೈಂಡರ್ ಇರುವಾಗ ಒಮ್ಮೆ, ಇಲ್ಲದಾಗ ಒಮ್ಮೆ. ಆಮೇಲೆ ನಿಮ್ಮ ಲೋಹವನ್ನೂ ಹಾಗೆಯೇ ಮಾಡುವ."

ಕುಲುಮೆ ತಣಿಯಬೇಕು, ಮತ್ತೆ ಕಾಯಬೇಕು. ಅರ್ಧ ದಿನದ ಕೆಲಸ. ನತಾಶಾ ಕುರ್ಚಿ ಎಳೆದುಕೊಂಡು ಕೂತರು. ಭಾರ್ಗವಿ ಗೋಡೆಗೆ ಬಾಯಿಟ್ಟು "ಹಾಕಿ" ಎಂದಳು, "ನಿಲ್ಲಿಸಿ" ಎಂದಳು. ಫೋನಿನ ಗೊಂದಲವಿಲ್ಲದ್ದರಿಂದ ಜಯ ಅವರೂ ತಪ್ಪಲಿಲ್ಲ. ತವರ ಎರಡು ಸಲವೂ ತವರದಂತೆಯೇ ನಡೆದುಕೊಂಡಿತು. ನತಾಶಾರ ಲೋಹ ಎರಡು ಸಲವೂ ಮಂದವೇ ಬಂತು. ಮಧ್ಯದಲ್ಲಿ ಕುಶಲಾ ಬಾಳೆಲೆಯಲ್ಲಿ ನೀರುದೋಸೆ, ಬೆಲ್ಲ ಹಾಕಿದ ತೆಂಗಿನತುರಿ ತಂದಿಟ್ಟು, "ಇದಕ್ಕೇ ನೋಡಿ ಶಬ್ದ" ಎಂದು ಹೇಳಿ ಹೋದರು. ನತಾಶಾ ಮೊದಲು ಒಂದು ತಿಂದರು. ಆಮೇಲೆ ಲೆಕ್ಕ ಇಡಲಿಲ್ಲ.

"ಹಾಗಾದರೆ ತಪ್ಪು ನಮ್ಮ ಲೋಹದ್ದೇ" ಎಂದರು ಕೊನೆಗೆ, ಕೈ ಒರೆಸಿಕೊಳ್ಳುತ್ತ. ಮುಖ ಸಣ್ಣದಾಗಿತ್ತು. ಊರಿಗೆ ಹೋಗಿ ಈ ಮಾತನ್ನು ಯಾರಿಗೆ ಹೇಗೆ ಹೇಳುವುದೋ ಎಂಬ ಯೋಚನೆ ಇರಬೇಕು.

ಭಾರ್ಗವಿ ಬಟ್ಟಲಿನ ಗಟ್ಟಿಯಾದ ಲೋಹವನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದಳು. ಒಳಗೆಲ್ಲ ಕೆನೆಯ ಚೂರುಗಳಂಥ ಪೊರೆಗಳು. ಗುಜರಿ ಲೋಹವನ್ನು ಮತ್ತೆ ಮತ್ತೆ ಕರಗಿಸುವಾಗ ಗಾಳಿ ತಾಗಿ ಹುಟ್ಟಿದಂಥವು. "ಎಸೆಯುವಂಥದ್ದಲ್ಲ ಇದು. ಸೋಸಿ ಹೊಯ್ದರೆ ಹರಿಯಬಹುದು" ಎಂದಳು. ಕೆಲವು ವಾರಗಳ ಬಳಿಕ ಕಂಪೆನಿಯಿಂದ ಸೋಸಿದ ಲೋಹ ಬಂತು. ಈ ಸಲ ಚುಕ್ಕಿ ನಿಲ್ಲುವುದನ್ನೇ ಮರೆತಂತೆ ತೂಗಾಡಿತು. ಭಾರ್ಗವಿ ಕುರ್ಚಿಯಲ್ಲಿ ಕೂತೇ ಕಾಲು ಕುಣಿಸಿದಳು. ರಿಝ್ವಾನಾ ಹುಬ್ಬು ಏರಿಸಿದರು.

ಈಗ ಲ್ಯಾಬಿಗೂ ಅಡುಗೆಮನೆಗೂ ನಡುವಿನ ಹಿಂಬಾಗಿಲಿಗೆ ಚಿಲಕ ಹಾಕುವುದೇ ಇಲ್ಲ. ಕುಶಲಾ ಬಿಡುವಾದಾಗ ಬಂದು ಚುಕ್ಕಿ ನೋಡುತ್ತ ಕೂರುತ್ತಾರೆ. ಟಿವಿಗಿಂತ ಇದು ವಾಸಿ, ನಡುವೆ ಜಾಹೀರಾತಿಲ್ಲ ಎನ್ನುತ್ತಾರೆ. ಮೊನ್ನೆ ಬಂದವರ ಕೈಯಲ್ಲಿ ಒಂದು ಮುಚ್ಚಿದ ಪಾತ್ರೆಯಿತ್ತು.

"ಟೀಚರೇ, ಅಕ್ಕಿ-ಬೆಲ್ಲದ ಹಾಲ್ಬಾಯಿ. ಇನ್ನೂ ಗಟ್ಟಿಯಾಗಿಲ್ಲ. ನನ್ನದು ಮಂದವಾ, ನಿಮ್ಮ ಅಮ್ಮನದ್ದು ಮಂದವಾ ಅಂತ ಇವತ್ತು ತೀರ್ಮಾನ ಆಗ್ಬೇಕು. ಹಾಕಿ ಇದನ್ನು ಒಳಗೆ."

"ಕುಶಲಕ್ಕ, ಹಾಲ್ಬಾಯಿ ಒಳಗೆ ಹೋದರೆ ಬಟ್ಟಲು ಒಂದು ಸುತ್ತೂ ತಿರುಗ್ಲಿಕ್ಕಿಲ್ಲ. ಆಮೇಲೆ ಅದನ್ನು ತೊಳೆಯುವವರು ಯಾರು?"

"ತೊಳೆಯುವುದೆಂತಕ್ಕೆ?" ಎಂದರು ಕುಶಲಾ. "ನೆಕ್ಕಿದರಾಯ್ತು."

ಭಾರ್ಗವಿ ಪಾತ್ರೆಯ ಮುಚ್ಚಳ ತೆಗೆದು ಬೆರಳು ಅದ್ದಿ, ಕಣ್ಣು ಮುಚ್ಚಿ ಚಪ್ಪರಿಸಿದಳು. ಆಮೇಲೆ ರಿಝ್ವಾನಾರನ್ನು ಕರೆದು, "ಒಂದೇ ರೀಡಿಂಗ್ ಸಾಕಾಗ್ಲಿಕ್ಕಿಲ್ಲ ಮೇಡಂ" ಎಂದು ಅವರ ಕೈಗೂ ಒಂದು ಚಮಚ ಕೊಟ್ಟಳು.